ಟಿಪ್ಪಣಿಸಹಿತ ಗ್ರಂಥಸೂಚಿ: ಪಾರ್ತಿಸುಬ್ಬನ ಚರ್ಚೆಯನ್ನೇ ಹಿಡಿದು

ಸಂಶೋಧನೆಗೆ ಸೇರಿದ ಮೊದಲ ವರ್ಷ 14 ಪುಸ್ತಕಗಳ ಪಟ್ಟಿ ಮಾಡಿ, ಒಂದೊಂದರ ಕೆಳಗೂ ನಾಲ್ಕು ಸಾಲು ಬರೆದು ಗೈಡ್ ಕೈಗೆ ಕೊಟ್ಟೆ. ಎರಡು ಪುಟ ತಿರುಗಿಸಿ ಕೇಳಿದರು: "ಇದೆಲ್ಲ ಮುನ್ನುಡಿಯಲ್ಲೇ ಉಂಟಲ್ಲ ಮಾರಾಯ, ನೀನು ಓದಿದ್ದು ಎಲ್ಲಿ?" ಸಿಕ್ಕಿಬಿದ್ದೆ.

ಲೇಖಕ, ಶೀರ್ಷಿಕೆ, ಪ್ರಕಾಶಕರು, ವರ್ಷ ಬರೆಯಲು ಯಾರಿಗೂ ಕಷ್ಟವಿಲ್ಲ. ಅದರ ಕೆಳಗೆ ನೂರು, ನೂರೈವತ್ತು ಪದಗಳಲ್ಲಿ ವಾದವೇನು, ಆಧಾರವೇನು, ನನ್ನ ಪ್ರಶ್ನೆಗೆ ಅದು ಎಲ್ಲಿ ತಾಗುತ್ತದೆ ಎಂಬುದು ಬರಬೇಕು. ನಾವು ಬಿಟ್ಟುಬಿಡುವುದು ಈ ಕೊನೆಯದನ್ನೇ.

ಯಕ್ಷಗಾನದ ರಾಮಾಯಣ ಪ್ರಸಂಗಗಳ ಕರ್ತೃ ಯಾರು ಎಂಬ ಹಳೆಯ ಚರ್ಚೆ ನೋಡಿ. ಮುಳಿಯ ತಿಮ್ಮಪ್ಪಯ್ಯನವರು ಕಾಸರಗೋಡು ಬಳಿಯ ನಮ್ಮ ಕುಂಬಳೆಯ ಪಾರ್ತಿಸುಬ್ಬ ಎಂದರು. ಶಿವರಾಮ ಕಾರಂತರು ಒಪ್ಪದೆ ಅಜಪುರದ, ಅಂದರೆ ಬ್ರಹ್ಮಾವರದ, ಸುಬ್ಬನತ್ತ ಬೊಟ್ಟು ಮಾಡಿದರು. ಕುಕ್ಕಿಲ ಕೃಷ್ಣ ಭಟ್ಟರು ಮತ್ತೆ ಕುಂಬಳೆಯ ಪರ ನಿಂತರು. ಕಾರಂತರ ಬಗೆಗಿನ ಟಿಪ್ಪಣಿಯಲ್ಲಿ ನನ್ನ ಎರಡನೇ ಪ್ರಯತ್ನ ಶುರುವಾದದ್ದು ಹೀಗೆ: "ಮುಳಿಯರಿಗೆ ನೇರ ಎದುರು. ಕುಕ್ಕಿಲರ ಉತ್ತರವನ್ನು ಪಕ್ಕದಲ್ಲಿಟ್ಟೇ ಓದಬೇಕು. ಊರಿನ ಪ್ರಶ್ನೆಯನ್ನು ಅಂಕಿತದಿಂದ ಬಗೆಹರಿಸಬಹುದೇ? ಎರಡನೇ ಅಧ್ಯಾಯಕ್ಕೆ." ಒರಟಾಗಿದೆ, ಆದರೆ ಇದರಲ್ಲಿ ಮೂವರೂ ಮಾತಾಡುತ್ತಿದ್ದಾರೆ.

ಗ್ರಂಥಸೂಚಿ ಅಕಾರಾದಿಯಲ್ಲಿರುತ್ತದೆ. ಪ್ರಬಂಧದಲ್ಲಿ ಹಿಂದಿನ ಅಧ್ಯಯನಗಳನ್ನು ಅವಲೋಕಿಸುವ ಸಮೀಕ್ಷೆಯನ್ನೂ ಅದೇ ಕ್ರಮದಲ್ಲಿ "ಇವರು ಹೀಗೆ ಹೇಳಿದ್ದಾರೆ, ಅವರು ಹಾಗೆ ಹೇಳಿದ್ದಾರೆ" ಎಂದು ಬರೆದರೆ ಹಾಜರಿ ಪುಸ್ತಕ ಓದಿದ ಹಾಗೆ. ನಾನು ಒಂದೊಂದು ನಮೂದನ್ನೂ ಬೇರೆ ಬೇರೆ ಚೀಟಿಯಲ್ಲಿ ಬರೆದು, ನೆಲದ ಮೇಲೆ ಹರಡಿ, ಪ್ರಶ್ನೆಗೆ ತಕ್ಕಂತೆ ಗುಂಪು ಮಾಡಿದೆ: ಕರ್ತೃವಿನ ಊರು, ಕಾಲ, ಕೇರಳದ ಕೊಟ್ಟಾರಕ್ಕರ ತಂಬುರಾನನ ರಾಮನಾಟ್ಟದ (ಕಥಕಳಿಗೆ ಮೂಲವಾದ ರಾಮಾಯಣದ ಆಟ) ಜೊತೆಗಿನ ಹೋಲಿಕೆ. ಒಂದೊಂದು ಗುಂಪೂ ಸಮೀಕ್ಷೆಯ ಒಂದೊಂದು ಭಾಗವಾಯಿತು. ಕಾರಂತರ ಚೀಟಿ ಎರಡು ಗುಂಪಿಗೆ ಬೇಕಾಗಿ ಇನ್ನೊಂದು ಪ್ರತಿ ಬರೆದೆ.

ಮೂರನೇ ಗುಂಪಿಗೆ ಮಲಯಾಳಂ ಓದಲೇಬೇಕು. ಶಾಲೆಯಲ್ಲಿ ಗೊಣಗುತ್ತ ಕಲಿತದ್ದು ಈಗ ಉಪಕಾರಕ್ಕೆ ಬಂತು, ಇರಲಿ. ಮಲಯಾಳಂ ಲೇಖನಕ್ಕೆ ಟಿಪ್ಪಣಿಯನ್ನು ಓದಿದ ದಿನವೇ ಕನ್ನಡದಲ್ಲಿ ಬರೆಯಿರಿ. ಉದ್ಧರಿಸಬೇಕಾದ ಸಾಲನ್ನು ಮಾತ್ರ ಮೂಲದಲ್ಲೇ, ಪುಟಸಂಖ್ಯೆ ಸಮೇತ ಇಟ್ಟುಕೊಳ್ಳಿ. ಪುಟಸಂಖ್ಯೆ ಬರೆಯದ ಒಂದೇ ಸಾಲಿಗಾಗಿ ನಾನು ಜಡಿಮಳೆಯಲ್ಲಿ ಕುಂಬಳೆಯಿಂದ ಕಾಸರಗೋಡಿಗೆ ಎರಡನೇ ಸಲ ಬಸ್ಸು ಹತ್ತಿದ್ದೇನೆ.

ಎಲ್ಲಿ ನಿಲ್ಲಿಸುವುದು? ಹೊಸದಾಗಿ ಸಿಕ್ಕ ಲೇಖನಗಳು ನಿಮ್ಮ ಚೀಟಿಯಲ್ಲಿರುವ ಹೆಸರುಗಳನ್ನೇ ಮತ್ತೆ ಮತ್ತೆ ಉಲ್ಲೇಖಿಸತೊಡಗಿದಾಗ ಹುಡುಕಾಟ ಸಾಕು. ಆಗ ಯಾವ ಗುಂಪು ತೆಳ್ಳಗಿದೆ ನೋಡಿ. ನನಗೆ ರಾಮನಾಟ್ಟದ ಗುಂಪಿನಲ್ಲಿ ಸಿಕ್ಕಿದ್ದು ಬರೇ ಎರಡು ಚೀಟಿ; ಪ್ರಬಂಧದ ವಿಷಯವನ್ನು ಅಲ್ಲಿಗೇ ತಿರುಗಿಸಿಕೊಂಡೆ.