ಲೆಟ್ಯೂಸ್ ಸುಡುವಾಗ ನೀರಿನದೇ ಕಾಟ

ದಾವಣಗೆರೆಯಲ್ಲಿ ಕಾದ ಕಾವಲಿ ಇರೋದೇ ಬೆಣ್ಣೆ ದೋಸೆಗೆ. ಅದರ ಮೇಲೆ ಲೆಟ್ಯೂಸ್ ಇಡ್ತೀನಿ ಅಂದರೆ ನಗುವವರೇ ಜಾಸ್ತಿ. ಆದರೆ ಸುಟ್ಟ ಲೆಟ್ಯೂಸಿಗೆ ಮೆಕ್ಸಿಕೋ ಕಡೆಯವರಂತೆ ಮೆಕ್ಕೆಜೋಳ, ಖಾರ, ನಿಂಬೆ ಸೇರಿಸಿದರೆ ಸಲಾಡ್ ಬಲು ರುಚಿ. ಕೆಡುವುದೂ ಅಷ್ಟೇ ಸುಲಭ. ಕೆಟ್ಟರೆ ತಪ್ಪು ಬೆಂಕಿಯದಲ್ಲ, ನೀರಿನದು.

ಲೆಟ್ಯೂಸ್ ಎಲೆಯಲ್ಲಿ ಸುಮಾರು ಶೇ. 95ರಷ್ಟು ನೀರೇ ಇರುತ್ತದೆ. ಒಂದು ಗ್ರಾಂ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು 70 ಕ್ಯಾಲೊರಿ ಸಾಕು. ಅದು ಆವಿಯಾಗಿ ಹೋಗಲು ಇನ್ನೂ 540 ಕ್ಯಾಲೊರಿ ಬೇಕು! ಹಾಗಾಗಿ ಮೈಮೇಲೆ ನೀರಿರುವಷ್ಟು ಹೊತ್ತು ಎಲೆಯ ಬಿಸಿ 100 ಡಿಗ್ರಿ ದಾಟುವುದೇ ಇಲ್ಲ. ಕೆಂಬಣ್ಣ, ಸುಟ್ಟ ಘಮ ಬರೋದಕ್ಕೆ ಸುಮಾರು 140 ಡಿಗ್ರಿಯಾದರೂ ಬೇಕು. ಆಗ ಸಕ್ಕರೆ ಮತ್ತು ಅಮೈನೊ ಆಮ್ಲಗಳು ಕೂಡಿ ಹೊಸ ಹೊಸ ಪರಿಮಳ ಹುಟ್ಟುತ್ತವೆ. ಫ್ರಾನ್ಸಿನ ಲೂಯಿ ಕಮೀಲ್ ಮಯಾರ್ 1912ರಲ್ಲಿ ಇದನ್ನು ವಿವರಿಸಿದರು. ದೋಸೆಯ ತಳ ಕೆಂಪಗಾಗೋದೂ ಇದರಿಂದಲೇ.

ಎಲೆಯ ಒಳಗಿನ ಕಥೆ ಬೇರೆ. ಕೋಶಗಳಲ್ಲಿ ನೀರು ಒತ್ತಿ ತುಂಬಿರುವುದರಿಂದಲೇ ಎಲೆ ಸೆಟೆದು ನಿಂತಿರುತ್ತದೆ. 60 ಡಿಗ್ರಿ ಆಸುಪಾಸಿನಲ್ಲಿ ಕೋಶದ ಪೊರೆ ಹಾಳಾಗಿ ನೀರು ಸೋರುತ್ತದೆ, ಎಲೆ ಜೋತು ಬೀಳುತ್ತದೆ. ಮೇಲೆ 140 ದಾಟಬೇಕು, ಒಳಗೆ 60 ಮುಟ್ಟಬಾರದು. ನಮಗೆ ಸಿಗೋದು ಒಂದೆರಡು ನಿಮಿಷ, ಅಷ್ಟೇ.

ಅದಕ್ಕೇ ದಪ್ಪ ದಂಟಿನ ರೋಮೇನ್ ಲೆಟ್ಯೂಸ್ ಒಳ್ಳೆಯದು. ಬುಡ ಬಿಡಿಸದೆ ಉದ್ದಕ್ಕೆ ಸೀಳಿ. ಕೊಯ್ದ ಜಾಗದಲ್ಲಿ ಬಿಳಿ ಹಾಲು ಜಿನುಗುತ್ತದೆ. ನಾಲಿಗೆಗೆ ತಾಗಿಸಿ ನೋಡಿ, ಕಹಿ. ಅದು ಲ್ಯಾಕ್ಟ್ಯುಸಿನ್ ಎಂಬ ಕಹಿ ವಸ್ತು ಮತ್ತು ಅದರ ಬಳಗದ ಕೆಲಸ; ಆಮೇಲೆ ಹಾಕುವ ಉಪ್ಪು ಅದನ್ನು ಅಡಗಿಸುತ್ತದೆ. ತೊಳೆದ ಎಲೆಯನ್ನು ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಸೀಳಿದ ಬದಿಗೆ ಚಳ್ಳಕೆರೆಯ ಶೇಂಗಾ ಎಣ್ಣೆ ಸವರಿ. ಬೆಣ್ಣೆ ಇಲ್ಲಿ ಬೇಡ, ಅದರಲ್ಲಿರುವ ಹಾಲಿನ ಅಂಶ ಬೇಗ ಕರಕಾಗುತ್ತದೆ. ಕಬ್ಬಿಣದ ಕಾವಲಿ ಚೆನ್ನಾಗಿ ಕಾದ ಮೇಲೆ ಮಗುಚಿ ಒತ್ತಿ. ಚುಂಯ್ ಅನ್ನುವಾಗ ಹೋಗುತ್ತಿರೋದು ನೀರು. ಸದ್ದು ಇಳಿದು ಘಮ ಎದ್ದ ಕೂಡಲೇ ತೆಗೆಯಿರಿ.

ಬೆಣ್ಣೆಗೆ ಕೆಲಸ ಇರೋದು ಮೆಕ್ಕೆಜೋಳದ ಹತ್ತಿರ. ಕೋಳಿ ಆಹಾರಕ್ಕೆ ಹೋಗುವ ಬಲಿತ ಕಾಳಲ್ಲ, ಎಳೆ ತೆನೆ ಬೇಕು. ಕೆಂಡದಲ್ಲಿ ಸುಟ್ಟು, ಬಿಡಿಸಿ, ಬೆಣ್ಣೆ ಮತ್ತು ಖಾರದಪುಡಿಯಲ್ಲಿ ಹೊರಳಿಸಿ. ಖಾರದ ಕ್ಯಾಪ್ಸೈಸಿನ್ ನೀರಿಗೆ ಬಗ್ಗುವುದಿಲ್ಲ, ಕೊಬ್ಬಿನಲ್ಲಿ ಕರಗಿ ಎಲ್ಲ ಕಾಳಿಗೂ ಹರಡುತ್ತದೆ. ಅಂದಹಾಗೆ, ನಮ್ಮ ಹೊಲ ತುಂಬಿರುವ ಈ ಮೆಕ್ಕೆಜೋಳದ ತವರು ಮೆಕ್ಸಿಕೋನೇ. ಸುಮಾರು 9000 ವರ್ಷಗಳ ಹಿಂದೆ ಅಲ್ಲಿನ ಟಿಯೋಸಿಂಟೆ ಎಂಬ ಹುಲ್ಲನ್ನು ಪಳಗಿಸಿ ಬೆಳೆ ಮಾಡಿಕೊಂಡರು. ನಿಂಬೆ, ಕೊತ್ತಂಬರಿ ನಮ್ಮ ಕಡೆಯ ಖಂಡಗಳಿಂದ ಅತ್ತ ಹೋದವು.

ಮೆಕ್ಸಿಕೋದಲ್ಲಿ ಇದರ ಮೇಲೆ ಕೊತೀಹಾ ಎಂಬ ಉಪ್ಪುಪ್ಪು ಚೀಸ್ ಉದುರಿಸುತ್ತಾರೆ. ಉಪ್ಪು ಬೆರೆಸಿದ ಪನೀರ್ ಪುಡಿಯೂ ನಡೆಯುತ್ತದೆ, ಅದೇ ರುಚಿ ಅಂತ ಮಾತ್ರ ಹೇಳಲಾರೆ.

ನಿಂಬೆರಸ, ಉಪ್ಪು ಹಾಕೋದು ತಟ್ಟೆ ಮುಂದೆ ಬಂದ ಮೇಲೆಯೇ. ಉಪ್ಪು ಕೋಶಗಳಿಂದ ನೀರೆಳೆಯುತ್ತದೆ. ನೆಂಟರು ಬರುವ ಮುಂಚೆಯೇ ಕಲಸಿಟ್ಟರೆ ಅವರಿಗೆ ಸಿಗೋದು ಸಲಾಡ್ ಅಲ್ಲ, ತಣ್ಣನೆ ಸೊಪ್ಪಿನ ಸಾರು.