ಜೋಡಿ ಬದಲಾದರೂ ಹಾಡು ಅದೇ

‘ಎಂಡ್‌ಲೆಸ್ ಲವ್’ ಎಂಬ ಇಂಗ್ಲಿಷ್ ಜೋಡಿಹಾಡನ್ನು ನಾನು ಮೊದಲು ಕೇಳಿದ್ದು ಲೂಥರ್ ವ್ಯಾಂಡ್ರಾಸ್ ಮತ್ತು ಮರಾಯಾ ಕ್ಯಾರಿ ದನಿಯಲ್ಲಿ. ಅದೇ ಮೂಲ ಅಂದುಕೊಂಡಿದ್ದೆ. ಎಷ್ಟೋ ವರ್ಷಗಳ ನಂತರ ಲಯೊನೆಲ್ ರಿಚಿ ಮತ್ತು ಡಯಾನಾ ರಾಸ್ ಹಾಡಿದ್ದು ಕಿವಿಗೆ ಬಿತ್ತು. ಮೊದಲ ಸಾಲಿಗೇ ಹಾಡು ಯಾವುದೆಂದು ಗೊತ್ತಾಯಿತು. ಜೊತೆಗೇ ‘ಇದು ಹೀಗಲ್ಲವಲ್ಲ’ ಎಂದೂ ಅನ್ನಿಸಿತು. ಒಂದೇ ಕ್ಷಣದಲ್ಲಿ ಅದೇ ಹಾಡು, ಅದಲ್ಲದ ಹಾಡು. ಇದು ಹೇಗೆ ಸಾಧ್ಯ?

ರಿಚಿ ಇದನ್ನು ಬರೆದದ್ದು ಫ್ರಾಂಕೊ ಜೆಫಿರೆಲ್ಲಿ ನಿರ್ದೇಶಿಸಿದ ಅದೇ ಹೆಸರಿನ ಸಿನಿಮಾಕ್ಕೆ. 1981ರಲ್ಲಿ ಅಮೆರಿಕದ ಜನಪ್ರಿಯ ಹಾಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9 ವಾರ ಮೊದಲ ಸ್ಥಾನದಲ್ಲಿತ್ತು. ವ್ಯಾಂಡ್ರಾಸ್ ಮತ್ತು ಕ್ಯಾರಿ 1994ರಲ್ಲಿ ಮತ್ತೆ ಹಾಡಿದಾಗ ಅದು ಎರಡನೇ ಸ್ಥಾನ ಮುಟ್ಟಿತು. 2012ರಲ್ಲಿ ರಿಚಿಯೇ ಶನಾಯಾ ಟ್ವೇನ್ ಜೊತೆ ಹಾಡಿದರು.

ಗಂಡು ಹೆಣ್ಣು ಸೇರಿ ಹಾಡುವುದೇ ಒಂದು ರಾಜಿ. ಗಂಡಸಿನ ಧ್ವನಿತಂತುಗಳು ಉದ್ದ, ದಪ್ಪ. ಮಾತಾಡುವಾಗ ಸೆಕೆಂಡಿಗೆ ಸುಮಾರು 110 ಸಲ ಕಂಪಿಸುತ್ತವೆ. ಹೆಂಗಸಿನವು ಸುಮಾರು 200 ಸಲ. ಒಬ್ಬರಿಗೆ ಹಿತವಾದ ಶ್ರುತಿ ಇನ್ನೊಬ್ಬರಿಗೆ ಹಿತವಲ್ಲ. ನಮ್ಮ ಆರ್ಕೆಸ್ಟ್ರಾಗಳಲ್ಲೂ ‘ಶ್ರುತಿ ಸ್ವಲ್ಪ ಇಳಿಸಿ’ ಎಂದು ಕೀಬೋರ್ಡಿನವರನ್ನು ಕೇಳುತ್ತಾರಲ್ಲ, ಅದು ಇದಕ್ಕೇ. ಹಾರ್ಮೋನಿಯಮ್‌ನಲ್ಲಿ ಒಂದು ಮನೆ ಏರಿಸಿದರೆ ಪ್ರತಿ ಸ್ವರದ ಕಂಪನವೂ ಸುಮಾರು 6% ಹೆಚ್ಚುತ್ತದೆ. 220 ಇದ್ದದ್ದು 233 ಆಗುತ್ತದೆ. ಎಲ್ಲ ಸ್ವರಗಳೂ ಜಾಗ ಬಿಟ್ಟಿರುತ್ತವೆ. ಆದರೂ ಹಾಡು ಹಾಡಾಗಿಯೇ ಇರುತ್ತದೆ. ‘ಸ’ ಎಲ್ಲೇ ಇರಲಿ, ‘ಪ’ ಅದರ ಒಂದೂವರೆ ಪಟ್ಟು. ಮಿದುಳು ಹಿಡಿದುಕೊಳ್ಳುವುದು ಆ ನಂಟನ್ನು.

ಆಸ್ಟ್ರಿಯಾದ ತತ್ವಜ್ಞಾನಿ ಕ್ರಿಸ್ಟಿಯಾನ್ ಫಾನ್ ಎರೆನ್‌ಫೆಲ್ಸ್ 1890ರಲ್ಲೇ ಈ ಮಾತು ಎತ್ತಿದ್ದರು: ರಾಗ ಅನ್ನುವುದು ಅದರ ಸ್ವರಗಳ ಬರೀ ಮೊತ್ತವಲ್ಲ. ಕೂಸುಗಳಿಗೂ ಇದು ಗೊತ್ತು. 2005ರಲ್ಲಿ ಪ್ರಕಟವಾದ ಕೆನಡಾದ ಪ್ರಯೋಗವೊಂದರಲ್ಲಿ ಆರು ತಿಂಗಳ ಮಕ್ಕಳಿಗೆ ವಾರವಿಡೀ ಒಂದು ರಾಗ ಕೇಳಿಸಿದರು. ಆಮೇಲೆ ಶ್ರುತಿ ಬದಲಿಸಿ ಕೇಳಿಸಿದರೆ, ಮಕ್ಕಳು ಅದನ್ನು ಹೊಸದೆಂದು ಎಣಿಸಲಿಲ್ಲ. ಮಾತು ಬರುವ ಮೊದಲೇ ಈ ಶಕ್ತಿ ಬಂದಿರುತ್ತದೆ ಅನ್ನುವುದು ನನಗೆ ಇಂದಿಗೂ ಬೆರಗು.

ಇಷ್ಟೇ ಆಗಿದ್ದರೆ ನನಗೆ ರಿಚಿ–ರಾಸ್ ಹಾಡು ಬೇರೆ ಅನ್ನಿಸಬಾರದಿತ್ತು, ಅಲ್ವಾ? ನಂಟನ್ನಷ್ಟೇ ಅಲ್ಲ, ಮೊದಲು ಕೇಳಿದ ಸದ್ದನ್ನೂ ಮಿದುಳು ಇಟ್ಟುಕೊಳ್ಳುತ್ತದೆ. ಸಂಗೀತ ಮತ್ತು ಮನಸ್ಸಿನ ನಂಟನ್ನು ಅಧ್ಯಯನ ಮಾಡುವ ವಿಜ್ಞಾನಿ ಡೇನಿಯಲ್ ಲೆವಿಟಿನ್ 1994ರಲ್ಲಿ, ಅಂದರೆ ಆ ಎರಡನೇ ಜೋಡಿ ಹಾಡಿದ ವರ್ಷವೇ, ಒಂದು ಅಧ್ಯಯನ ಪ್ರಕಟಿಸಿದರು. ಸಂಗೀತವನ್ನೇ ವೃತ್ತಿಯಾಗಿ ಕಲಿಯದವರೂ ಸೇರಿ 46 ಜನರಿಗೆ ಇಷ್ಟದ ಪಾಪ್ ಹಾಡನ್ನು ನೆನಪಿನಿಂದ ಹಾಡಲು ಹೇಳಿದರು. ಎರಡು ಅವಕಾಶಗಳಲ್ಲಿ ಒಂದರಲ್ಲಾದರೂ 40% ಜನ ರೆಕಾರ್ಡಿನದ್ದೇ ಶ್ರುತಿ ಹಿಡಿದಿದ್ದರು. 1999ರ ಇನ್ನೊಂದು ಪ್ರಯೋಗದಲ್ಲಿ ಹಾಡುಗಳ ಸೆಕೆಂಡಿನ ಹತ್ತನೇ ಒಂದು ಭಾಗ ಮಾತ್ರ ಕೇಳಿಸಿದರು. ಅಷ್ಟರಲ್ಲಿ ರಾಗವೇ ಶುರುವಾಗಿರುವುದಿಲ್ಲ. ಆದರೂ ಕೇಳುಗರು ಸುಮ್ನೆ ಊಹಿಸುವುದಕ್ಕಿಂತ ಚೆನ್ನಾಗಿ ಹಾಡು ಗುರುತಿಸಿದರು. ಅವರಿಗೆ ಸಿಕ್ಕಿದ್ದು ನಾದದ ಬಣ್ಣ ಮಾತ್ರ, ಅಂದರೆ ಒಂದೇ ಸ್ವರವಾದರೂ ಒಂದು ಸದ್ದನ್ನು ಇನ್ನೊಂದರಿಂದ ಬೇರೆ ಮಾಡುವ ಗುಣ.

ಹಾಡುವ ದನಿಗೆ ಆ ಬಣ್ಣ ಹುಟ್ಟುವುದು ಗಂಟಲಿನಿಂದ ತುಟಿವರೆಗಿನ ಕೊಳವೆಯಲ್ಲಿ. ಗಂಡಸರಲ್ಲಿ ಅದು ಸುಮಾರು 17 ಸೆಂ.ಮೀ., ಹೆಂಗಸರಲ್ಲಿ ಸುಮಾರು 14. ಬಾಯಿ, ನಾಲಿಗೆ, ಗಂಟಲಿನ ಆಕಾರ ಪ್ರತಿಯೊಬ್ಬರದೂ ಬೇರೆ. ಇಬ್ಬರು ಕೂಡಿ ಒಂದೇ ಸ್ವರ ಹಿಡಿದರೂ ಎರಡು ದನಿ ಕೇಳುವುದು ಹೀಗೆ.

ಜೋಡಿಹಾಡಿನ ನಿಜವಾದ ರುಚಿ ಇರುವುದೂ ಅಲ್ಲೇ. ಒಂದು ದನಿ ಸೆಕೆಂಡಿಗೆ 440 ಸಲ, ಇನ್ನೊಂದು 442 ಸಲ ಕಂಪಿಸಿದರೆ, ಸದ್ದು ಸೆಕೆಂಡಿಗೆ ಎರಡು ಸಲ ಉಬ್ಬಿ ಇಳಿಯುತ್ತದೆ. ಪಳಗಿದ ಗಾಯಕರ ದನಿಯಂತೂ ಒಂದೇ ಕಡೆ ನಿಲ್ಲುವುದಿಲ್ಲ. ಸೆಕೆಂಡಿಗೆ 5–7 ಸಲ ಮೇಲೆ ಕೆಳಗೆ ತೂಗುತ್ತದೆ. ಇಬ್ಬರ ತೂಗಾಟ ಎಂದೂ ಪೂರ್ತಿ ಹೊಂದುವುದಿಲ್ಲ. ಹಾಗಾಗಿ ಆ ಉಬ್ಬಿಳಿತವೂ ಕ್ಷಣಕ್ಷಣಕ್ಕೆ ಬದಲಾಗುತ್ತಾ ಹೋಗುತ್ತದೆ. ಜೋಡಿ ಬದಲಾದರೆ ಅದೂ ಬೇರೆ.

ಈಗ ನಾನು ರಾಸ್ ಹಾಡಿದ್ದನ್ನೇ ಜಾಸ್ತಿ ಕೇಳುತ್ತೇನೆ. ಆ ಮೆತ್ತನೆಯ ದನಿ ತುಂಬಾ ಇಷ್ಟ. ಆದರೆ ಅಡುಗೆ ಮಾಡುತ್ತಾ ಗುನುಗಲು ಶುರು ಮಾಡಿದರೆ, ತಲೆಯೊಳಗೆ ಮೊದಲು ಬರುವವರು ಮರಾಯಾ.