ಡಿಎನ್‌ಎ ಸಂದಿಗೆ ಕೂರುವ ಔಷಧಿ: 1951ರಿಂದ ಇಲ್ಲಿಯವರೆಗೆ

ಹೋದ ವರ್ಷ ಗದಗಿನಲ್ಲಿ ನಮ್ಮ ಕಾಕಾ ಅವರ ಕಾಲಿನ ಹುಣ್ಣಿನ ಕಲ್ಚರ್ ರಿಪೋರ್ಟ್ (ಬ್ಯಾಕ್ಟೀರಿಯಾ ಬೆಳೆಸಿ ಯಾವ ಔಷಧಿ ನಾಟುತ್ತದೆ ಅಂತ ನೋಡುವುದು) ಬಂತು. ಸಾಲಾಗಿ ಔಷಧಿ ಹೆಸರು, ಮುಂದೆ 'ಆರ್', 'ಆರ್', 'ಆರ್'. ಆರ್ ಅಂದರೆ ರೆಸಿಸ್ಟೆಂಟ್, ಆ ಔಷಧಿ ನಾಟುವುದಿಲ್ಲ. ಕೊನೆಯ ಎರಡಕ್ಕೆ ಮಾತ್ರ 'ಎಸ್' ಇತ್ತು. ಹೊಸ ಔಷಧಿ ಯಾಕೆ ಬರ್ತಿಲ್ಲ ಅಂತ ನಾನು ಓದೋಕೆ ಶುರುಮಾಡಿದ್ದು ಅವತ್ತಿನಿಂದ.

1928ರಲ್ಲಿ ಪೆನಿಸಿಲಿನ್ ಕಣ್ಣಿಗೆ ಬಿತ್ತು, 1960ರ ದಶಕ ಮುಗಿಯುವಷ್ಟರಲ್ಲಿ ಇವತ್ತು ನಾವು ನುಂಗುವ ಆಂಟಿಬಯೋಟಿಕ್‌ಗಳ (ಬ್ಯಾಕ್ಟೀರಿಯಾ ಕೊಲ್ಲುವ ಔಷಧಿಗಳ) ಬಹುತೇಕ ಬಗೆಗಳು ಸಿಕ್ಕಾಗಿತ್ತು, ಆಮೇಲೆ ಬಂದವು ಜಾಸ್ತಿ ಅವುಗಳ ತಮ್ಮ-ತಂಗಿಯರೇ. 2019ರಲ್ಲಿ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರು ಅಂತ ಅಂದಾಜು.

ಹಲವು ಔಷಧಿಗಳು ಬ್ಯಾಕ್ಟೀರಿಯಾದ ಯಾವುದೋ ಒಂದು ಪ್ರೋಟೀನನ್ನು ಹಿಡಿಯುತ್ತವೆ. ಆ ಪ್ರೋಟೀನ್ ಸ್ವಲ್ಪ ಬದಲಾದರೆ ಸಾಕು, ಹಿಡಿತ ತಪ್ಪಿತು. ಹಾಗಾದರೆ ನೇರ ಡಿಎನ್‌ಎಯನ್ನೇ ಹಿಡಿದರೆ?

ಹಾಗೆ ಹಿಡಿಯುವ ಔಷಧಿ ಹಳೆಯದೇ. 1951ರಲ್ಲೇ ಸ್ಟ್ರೆಪ್ಟೊಮೈಸಿಸ್ ಅನ್ನುವ ಜಾತಿಯ ಬ್ಯಾಕ್ಟೀರಿಯಾದಿಂದ ನೆಟ್ರಾಪ್ಸಿನ್ ಅನ್ನುವ ಆಂಟಿಬಯೋಟಿಕ್ ಸಿಕ್ಕಿತು. ಡಿಎನ್‌ಎಯ ಆಕಾರ ಗೊತ್ತಾಗಿದ್ದು 1953ರಲ್ಲಿ, ಅಂದರೆ ಅದು ಏನನ್ನು ಹಿಡಿಯುತ್ತಿದೆ ಅಂತ ಆಗ ತಿಳಿಯುವ ದಾರಿಯೇ ಇರಲಿಲ್ಲ. ಎತ್ತಿಗೆ ಹಗ್ಗ ಹೊಸೆಯುವಾಗ ಎರಡು ಎಳೆ ನಡುವೆ ಸಂದಿ ಸುತ್ತಿಕೊಂಡು ಹೋಗುತ್ತದಲ್ವಾ, ಡಿಎನ್‌ಎಯಲ್ಲಿ ಅಂಥವು ಎರಡು: ಒಂದು ಅಗಲ, ಒಂದು ಕಿರಿದು. ಬಿಲ್ಲಿನಂತೆ ಬಾಗಿದ ನೆಟ್ರಾಪ್ಸಿನ್ ಕಿರಿದಾದ ಸಂದಿಯಲ್ಲಿ, ಡಿಎನ್‌ಎಯ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಎ ಮತ್ತು ಟಿ ಸಾಲಾಗಿರುವ ಕಡೆ, ಹೋಗಿ ಕೂರುತ್ತದೆ. 1985ರಲ್ಲಿ ಎರಡನ್ನೂ ಸೇರಿಸಿ ಹರಳಾಗಿಸಿ, ಎಕ್ಸ್-ರೇ ಹಾಯಿಸಿ ತೆಗೆದ ಚಿತ್ರಗಳು ಇದನ್ನು ಕಣ್ಣಿಗೆ ಕಾಣಿಸಿದವು.

ತೊಡಕು ಅಂದರೆ, ಡಿಎನ್‌ಎ ನಮ್ಮಲ್ಲೂ ಇದೆ. ನೆಟ್ರಾಪ್ಸಿನ್ ಮನುಷ್ಯರ ಔಷಧಿಯಾಗಲಿಲ್ಲ, ವಿಷ ಜಾಸ್ತಿ. ಆದರೆ ಇದೇ ಸಂದಿಗೆ ಕೂರುವ ಬೆರೆನಿಲ್ ದನದ ಡಾಕ್ಟರರ ಚೀಲದಲ್ಲಿ ಇವತ್ತಿಗೂ ಇದೆ. ಉಣ್ಣಿ ಕಚ್ಚಿ ಜ್ವರ ಬಂದು ಆಕಳಿನ ಉಚ್ಚೆ ಕೆಂಪಾದಾಗ ಚುಚ್ಚುವುದು ಅದನ್ನೇ. ಅಲ್ಲಿ ರೋಗಾಣು ಬೇರೆ, ಬ್ಯಾಕ್ಟೀರಿಯಾ ಅಲ್ಲ.

ನನಗೆ ತುಂಬಾ ಹಿಡಿಸಿದ್ದು ಸ್ಕಾಟ್ಲೆಂಡಿನ ಸ್ಟ್ರಾತ್‌ಕ್ಲೈಡ್ ವಿಶ್ವವಿದ್ಯಾಲಯದ ಕೆಲಸ. ಕಾಲಿನ್ ಸಕ್ಲಿಂಗ್ ಮತ್ತು ಜೊತೆಗಾರರು ನೆಟ್ರಾಪ್ಸಿನ್‌ನ ಬಂಧು ಡಿಸ್ಟಮೈಸಿನ್ ಅನ್ನು ತೆಗೆದುಕೊಂಡು, ದರ್ಜಿ ಅಂಗಿ ಸರಿಮಾಡಿದ ಹಾಗೆ ತುಂಡು ತುಂಡಾಗಿ ಬದಲಿಸಿದರು. ಅಣುವಿನ ಬಾಲದಲ್ಲಿದ್ದ ಜೋರು ವಿದ್ಯುದಂಶದ ತುಂಡು ತೆಗೆದು ಮಾರ್ಫೋಲಿನ್ ಅನ್ನುವ ಸೌಮ್ಯವಾದ ತುಂಡು ಹಾಕಿದರು. ತಲೆಯ ಕಡೆ ಚಪ್ಪಟೆ ಉಂಗುರಗಳನ್ನು ಜೋಡಿಸಿದರು. ಹಾಗೆ ಆದದ್ದು ಎಂಜಿಬಿ-ಬಿಪಿ-3. ಕರುಳಿಗೆ ಕಾಡುವ ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಮೇಲೆ ಅದನ್ನು ನೋಡಲಾಯಿತು. ಆ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸುಮಾರು ಶೇ. 71 ಎ-ಟಿ, ನಮ್ಮದರಲ್ಲಿ ಸುಮಾರು 59, ಅಂದರೆ ಕೂರುವ ಜಾಗ ಅಲ್ಲಿ ಜಾಸ್ತಿ. ಒಂದೇ ಕಡೆ ಅಲ್ಲ, ಹಲವು ಜೀನ್‌ಗಳ ಹತ್ತಿರ ಕೂರುವುದರಿಂದ ಬ್ಯಾಕ್ಟೀರಿಯಾಕ್ಕೆ ತಪ್ಪಿಸಿಕೊಳ್ಳುವುದು ಕಷ್ಟ.

ರೋಗಿಗಳ ಮೇಲೆ ನಡೆದ ಅದರ ಎರಡನೇ ಹಂತದ ಪರೀಕ್ಷೆಯ ಒಳ್ಳೆಯ ಸುದ್ದಿ 2020ರಲ್ಲೇ ಬಂತು. ಆದರೆ ಕಂಪನಿಗಳಿಗೆ, ಹತ್ತು ದಿನ ನುಂಗಿ ಬಿಡುವ, ಅದೂ ಬೇರೇನೂ ನಾಟದಿದ್ದಾಗ ಕೊನೆಗೆ ಅಂತ ಎತ್ತಿಡುವ ಔಷಧಿಗಿಂತ ಜೀವನಪೂರ್ತಿ ನುಂಗುವ ಶುಗರ್ ಮಾತ್ರೆಯಲ್ಲಿ ದುಡ್ಡಿದೆ. ಇಂಥ ಔಷಧಿಗಳು ಮೂರನೇ ಹಂತದ ಬಾಗಿಲಲ್ಲಿ ನಿಲ್ಲುವುದಕ್ಕೆ ಇದೂ ಒಂದು ಕಾರಣ. ಇದೇ ದಾರಿಯ, ಇದೇ ಕರುಳಿನ ರೋಗದ ಇನ್ನೊಂದು ಔಷಧಿ ರಿಡಿನಿಲಜೋಲ್ ಮೂರನೇ ಹಂತದವರೆಗೂ ಹೋಯಿತು. 2021ರ ಕೊನೆಗೆ ಬಂದ ಫಲಿತಾಂಶದಲ್ಲಿ ರೋಗ ಮರುಕಳಿಸುವುದು ಹಳೆಯ ಔಷಧಿ ವ್ಯಾಂಕೊಮೈಸಿನ್‌ಗೆ ಹೋಲಿಸಿದರೆ ಸುಮಾರು ಅರ್ಧಕ್ಕೆ ಇಳಿದಿತ್ತು. ಆದರೂ ಮೊದಲೇ ಹಾಕಿಕೊಂಡಿದ್ದ ಮುಖ್ಯ ಗುರಿ ಮುಟ್ಟಲಿಲ್ಲ.

ಇನ್ನೊಂದು ಗೋಡೆ ಉಳಿದೇ ಇದೆ. ಗ್ರಾಂ-ನೆಗೆಟಿವ್ ಅನ್ನುವ ಗುಂಪಿನ ಬ್ಯಾಕ್ಟೀರಿಯಾಕ್ಕೆ ಹೊರಗೆ ಇನ್ನೊಂದು ಪೊರೆಯೂ ಇರುತ್ತದೆ. ಒಳಗೆ ನುಗ್ಗಿದ್ದನ್ನು ಪಂಪ್ ಹೊಡೆದು ಹೊರಗೆ ಹಾಕುತ್ತವೆ. ಎಂಜಿಬಿ-ಬಿಪಿ-3ರಂಥ ಔಷಧಿ ಡಿಎನ್‌ಎ ಹತ್ತಿರ ಹೋಗುವುದೇ ಕಷ್ಟ. ಕಾಕಾ ಅವರ ರಿಪೋರ್ಟಿನಲ್ಲಿ ಇದ್ದದ್ದು ಕ್ಲೆಬ್ಸಿಯೆಲ್ಲಾ, ಅದೂ ಗ್ರಾಂ-ನೆಗೆಟಿವ್.